ಕೊನೇ ಪಂಕ್ತಿಗೂ ನೀರು ಬೇಕು ಸ್ವಾಮೀ!

ಇಲ್ಲಿ ಏನಾದ್ರೂ ಬರೆದು ಎಷ್ಟು ತಿಂಗಳಾಯ್ತೋ ಲೆಕ್ಕ ಇಟ್ಟಿಲ್ಲ. "ಏನ್ರೀ, ಬ್ಲಾಗಿಗೆ ಬೀಗ ಹಾಕಿದೀರಾ?" ಅಂತ ಇಬ್ಬರು ಮೂವರು ಗೆಳೆಯರು ಕೇಳಿದ್ರಿ. ಬೀಗ ಹಾಕಿಲ್ಲ ಕಣ್ರೀ, ಓಡ್ತಾ ಇದ್ದೆ. ತಮಾಷೆಯಲ್ಲ, ನಿಜವಾಗ್ಲೂ ಓಡ್ತಾ ಇದ್ದೆ :-)

ಮೊನ್ನೆ ಭಾನುವಾರ ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಹಾಫ್ ಮ್ಯಾರಥಾನ್ ಮುಗಿಸಿದೆ. ಕರಾರುವಾಕ್ಕಾಗಿ ಹೇಳಬೇಕು ಅಂದ್ರೆ 21.0975 ಕಿಲೋಮೀಟರ್. ತಗೊಂಡಿದ್ದು 3 ಗಂಟೆ 19 ನಿಮಿಷ. ಪ್ರಪಂಚದ ಅತಿ ವೇಗದ ಓಟಗಾರರು ಇದೇ ದೂರವನ್ನ 58 ನಿಮಿಷದೊಳಗೆ ಮುಗಿಸ್ತಾರೆ. ಅಂದ್ರೆ ನಾನು ಒಂದ್ಸಲ ಮುಗಿಸೋದ್ರೊಳಗೆ ಅವರು ಮೂರು ಸಲ ಓಡಿ, ಸ್ನಾನ ಮಾಡಿ, ತಿಂಡಿಗೂ ಕೂತಿರ್ತಾರೆ. ನಗೋರು ಈಗಲೇ ನಕ್ಕುಬಿಡಿ. ನಾನೂ ನಕ್ಕಿದೀನಿ, ನನ್ನಾಕೆಯಂತೂ ಇನ್ನೂ ನಗ್ತಾ ಇದಾಳೆ.

ಆದ್ರೆ ಈ ಬರಹ ನಗೋದಕ್ಕೆ ಬರೀತಿಲ್ಲ. ಸಿಟ್ಟು ಬಂದಿದೆ. ನಾಲ್ಕು ದಿನ ಕಾದು ನೋಡಿದೆ, ಇಳೀಲಿಲ್ಲ. ಅದಕ್ಕೇ ಬರೀತಿದೀನಿ.

ಮೊದಲು ನಾನು ಓಡೋಕೆ ಶುರು ಮಾಡಿದ ಕತೆ ಚುಟುಕಾಗಿ ಹೇಳ್ತೀನಿ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.3 ಬಂತು. 6.5 ದಾಟಿದ್ರೆ ಸಕ್ಕರೆ ಕಾಯಿಲೆ. "ಇನ್ನೂ ಮನೆಯೊಳಗೆ ಬಂದಿಲ್ಲ, ಗೇಟಿನ ಹತ್ರ ನಿಂತಿದೆ. ಒಳಗೆ ಕರೀಬೇಕೋ ವಾಪಸ್ ಕಳಿಸಬೇಕೋ ನೀವೇ ನೋಡಿ" ಅಂದ್ರು ಡಾಕ್ಟ್ರು. ನಮ್ಮಪ್ಪ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳ್ಕೊಂಡಿದ್ದು ನೋಡಿದವನು ನಾನು. ಮಾರನೇ ದಿನ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋದೆ.

ಒಂದು ವರ್ಷ ಬರೀ ನಡಿಗೆ. ಆಮೇಲೆ ಒಂದು ನಿಮಿಷ ಓಡೋದು, ಎರಡು ನಿಮಿಷ ನಡೆಯೋದು. ಮೊದಲ ದಿನ ಒಂದು ನಿಮಿಷ ಅನ್ನೋದು ಎಷ್ಟು ಉದ್ದ ಇರುತ್ತೆ ಅಂತ ಗೊತ್ತಾಯ್ತು. ಬಂಡೆ ಹತ್ರ ಏದುಸಿರು ಬಿಡ್ತಾ ನಿಂತಿದ್ರೆ, ಸೀರೆ ಮೇಲೆ ಸ್ಪೋರ್ಟ್ಸ್ ಶೂ ಹಾಕ್ಕೊಂಡಿದ್ದ ಅಜ್ಜಿಯೊಬ್ರು "ನಿಧಾನ ಕಣಪ್ಪಾ, ಯಾವ ರೈಲು ಹಿಡೀಬೇಕು ನೀನು?" ಅಂತ ಕೇಳ್ಕೊಂಡು ನನ್ನನ್ನ ದಾಟಿ ಹೋದ್ರು. ಆಮೇಲೆ ಐದು ತಿಂಗಳ ಪಟ್ಟಿ ಹಾಕ್ಕೊಂಡೆ. ವಾರದಲ್ಲಿ ಮೂರು ದಿನ ಸಣ್ಣ ಓಟ, ಭಾನುವಾರ ದೊಡ್ಡ ಓಟ. 5 ಕಿಲೋಮೀಟರ್‌ನಿಂದ ಶುರುವಾಗಿ 18ರವರೆಗೆ. ಬೆಳಿಗ್ಗೆ ನಾಲ್ಕೂವರೆಗೆ ಏಳೋದು, ಬೀದಿನಾಯಿಗಳ ಜೊತೆ ಸಂಧಾನ ಮಾಡ್ಕೊಳ್ಳೋದು, ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಎದುರಾದಾಗ ರಸ್ತೆಗಿಳಿಯೋದು, ಮತ್ತೆ ಹತ್ತೋದು... ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದೂ ಹೋಯ್ತು. ಮೊದಲ ಸಲ 10 ಕಿಲೋಮೀಟರ್ ಮುಗಿಸಿ ಬಂದ ದಿನ ನನ್ನಾಕೆ ಬಾಗಿಲು ತೆಗೆದವಳೇ, "ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದ್ಲು. ಈಗ ಎಚ್‌ಬಿಎ1ಸಿ 5.6. ಗೇಟಿನ ಹತ್ರ ಸದ್ಯಕ್ಕೆ ಯಾರೂ ನಿಂತಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ನಿಧಾನಕ್ಕೆ ಓಡೋರೆಲ್ಲ ಸೋಮಾರಿಗಳು, ಟೀ ಶರ್ಟಿಗೋಸ್ಕರ ಬಂದೋರು ಅನ್ನೋ ಮಾತು ಮುಂದೆ ಬರುತ್ತೆ. ಅದಕ್ಕೆ ಉತ್ತರ ಇಲ್ಲೇ ಇರಲಿ ಅಂತ.

ಈಗ ಓಟದ ದಿನಕ್ಕೆ ಬರೋಣ. ಯಾವ ಓಟ ಅಂತ ಹೆಸರು ಹೇಳಲ್ಲ. ಒಬ್ಬರನ್ನ ಗುಂಡಿಗೆ ತಳ್ಳಿ ಉಳಿದೋರು ಕೈ ತೊಳ್ಕೊಳ್ಳೋದು ನನಗೆ ಬೇಕಿಲ್ಲ. ಶುರು ಬೆಳಿಗ್ಗೆ 5.30ಕ್ಕೆ. ಕಟ್-ಆಫ್, ಅಂದ್ರೆ ಮುಗಿಸೋದಕ್ಕೆ ಕೊಟ್ಟ ಕೊನೇ ಗಡುವು, 3 ಗಂಟೆ 30 ನಿಮಿಷ. ಇದನ್ನ ನಾನು ಹೇಳ್ತಿಲ್ಲ, ದುಡ್ಡು ತಗೊಳ್ಳೋವಾಗ ಅವರೇ ಬರೆದಿದ್ದು. ಪ್ರತಿ ಎರಡೂವರೆ ಕಿಲೋಮೀಟರಿಗೆ ನೀರಿನ ಟೇಬಲ್ ಇರುತ್ತೆ ಅಂತಾನೂ ಅವರೇ ಬರೆದಿದ್ದು. ನಾನು ಕಟ್ಟಿದ ದುಡ್ಡು ಸಾವಿರದ ಐನೂರು ಚಿಲ್ಲರೆ. ಒಂದೂವರೆ ಗಂಟೇಲಿ ಮುಗಿಸೋ ಹುಡುಗನೂ ಅಷ್ಟೇ ಕಟ್ಟಿರ್ತಾನೆ. ನಿಧಾನಕ್ಕೆ ಓಡೋರಿಗೆ ಅಂತ ರಿಯಾಯಿತಿ ಇರಲಿಲ್ಲ.

12.5 ಕಿಲೋಮೀಟರ್‌ವರೆಗೆ ಎಲ್ಲಾ ಚೆನ್ನಾಗಿತ್ತು. ಕಾಲೇಜು ಹುಡುಗ್ರು ಟೇಬಲ್ ಹಿಂದೆ ನಿಂತು "ಅಂಕಲ್, ಸೂಪರ್ ಅಂಕಲ್!" ಅಂತ ಕೂಗ್ತಿದ್ರು. 15ನೇ ಕಿಲೋಮೀಟರಿನಲ್ಲಿ ಲೋಟ ಖಾಲಿ. ಪಾಪ, ಒಬ್ಬ ಹುಡುಗ ಕ್ಯಾನ್ ಬಗ್ಗಿಸಿ ನನ್ನ ಬೊಗಸೆಗೇ ನೀರು ಹಾಕ್ದ. ಕುಡಿದೆ, ಮುಂದೆ ಹೋದೆ. 17.5ರ ಹತ್ರ ಬಂದಾಗ ಗಡಿಯಾರ 8.02 ತೋರಿಸ್ತಿತ್ತು. ಶುರುವಾಗಿ 2 ಗಂಟೆ 32 ನಿಮಿಷ. ಟೇಬಲ್ ಇರಬೇಕಾದ ಜಾಗದಲ್ಲಿ ಟೇಬಲ್ ಮಡಚಿ ಟೆಂಪೋಗೆ ಏರಿಸ್ತಿದ್ರು. "ನೀರು?" ಅಂದೆ. "ಖಾಲಿ ಸಾರ್, ಮುಂದಿನ ಸ್ಟಾಪಲ್ಲಿ ಸಿಗುತ್ತೆ" ಅಂದ ಒಬ್ಬ. ಮುಂದಿನ ಸ್ಟಾಪು ಅಂದ್ರೆ 20ನೇ ಕಿಲೋಮೀಟರು. ಅಲ್ಲಿ ಟೆಂಪೋನೂ ಇರಲಿಲ್ಲ. ಒದ್ದೆ ನೆಲ, ತುಳಿದು ಚಪ್ಪಟೆಯಾದ ಲೋಟಗಳು, ಅಷ್ಟೇ.

ಒಂದು ಸಣ್ಣ ಲೆಕ್ಕ ಮಾಡೋಣ. 21.1 ಕಿಲೋಮೀಟರಿಗೆ ಮೂರೂವರೆ ಗಂಟೆ ಅಂದ್ರೆ ಕಿಲೋಮೀಟರಿಗೆ ಸುಮಾರು ಹತ್ತು ನಿಮಿಷ. ಆ ವೇಗದಲ್ಲಿ ಬರೋರು 17.5 ಕಿಲೋಮೀಟರ್ ಮುಟ್ಟೋದು ಹೆಚ್ಚುಕಮ್ಮಿ 8.24ಕ್ಕೆ. ಅಲ್ಲೀವರೆಗೂ ಆ ಟೇಬಲ್ ಅಲ್ಲೇ ಇರಬೇಕು. ಅವರು 8.02ಕ್ಕೇ ಗಂಟು ಕಟ್ಟಿದ್ರು. ಅಂದ್ರೆ ಅವರದೇ ನಿಯಮದ ಪ್ರಕಾರ ಇನ್ನೂ ಓಟದಲ್ಲಿರೋ ಜನಕ್ಕೆ, 22 ನಿಮಿಷ ಮುಂಚೆನೇ, ನಿಮ್ಮ ಊಟ ಮುಗೀತು ಎದ್ದೇಳಿ ಅಂದಂಗೆ.

ಇಷ್ಟೇ ಆಗಿದ್ರೆ ಮನೆಗೆ ಬಂದು ಬೈದು ಮಲಗಿಬಿಡ್ತಿದ್ದೆ. ಆದ್ರೆ 18ನೇ ಕಿಲೋಮೀಟರ್ ದಾಟಿದ ಮೇಲೆ ಫುಟ್‌ಪಾತ್ ಅಂಚಲ್ಲಿ ಒಬ್ಬ ಹಿರಿಯರು ಕೂತಿದ್ರು. ಅರವತ್ತೈದರ ಮೇಲಿರಬಹುದು. ತಲೆ ಮೊಣಕಾಲಿನ ಮಧ್ಯೆ. ಟೋಪಿ ಅಂಚಲ್ಲಿ ಬೆವರಿನ ಉಪ್ಪು ಬೆಳ್ಳಗೆ ಕಟ್ಟಿತ್ತು. "ಸಾರ್, ಏನಾಯ್ತು?" ಅಂದೆ. "ತಲೆ ಸುತ್ತುತಿದೆಯಪ್ಪಾ. ನೀರಿದ್ಯಾ?" ಅಂದ್ರು. ನನ್ನ ಹತ್ರ ಎಲ್ಲಿತ್ತು? ಅಕ್ಕಪಕ್ಕ ಅಂಗಡಿ ಬಾಗಿಲು ತೆಗೆದಿರಲಿಲ್ಲ. ಸ್ವಯಂಸೇವಕರಿಲ್ಲ, ಆಂಬುಲೆನ್ಸ್ ಕಣ್ಣಿಗೆ ಬೀಳಲಿಲ್ಲ.

ರಸ್ತೆ ಆ ಕಡೆ ಪಾಲಿಕೆಯ ಪೌರಕಾರ್ಮಿಕ ಹೆಂಗಸೊಬ್ಬರು ನಾವೇ ಎಸೆದಿದ್ದ ಲೋಟಗಳನ್ನ ಗುಡಿಸ್ತಾ ಇದ್ರು. ನಾನು ಕೇಳೋಕೆ ಮುಂಚೆನೇ ಪೊರಕೆ ಕೆಳಗಿಟ್ಟು, ತಳ್ಳುಗಾಡಿಗೆ ನೇತುಹಾಕಿದ್ದ ಚೀಲದಿಂದ ಬಾಟಲಿ ತಂದ್ರು. "ತಗೊಳ್ಳಣ್ಣ, ಮೊದ್ಲು ತಾತಂಗೆ ಕುಡ್ಸು. ನೀನೂ ಒಂದ್ ಗುಟುಕು ಕುಡಿ, ಮಕ ಬಾಡೋಗೈತೆ" ಅಂದ್ರು. ಮನೆಯಿಂದ ತಂದ ನೀರು. ಮಧ್ಯಾಹ್ನದ ತನಕ ಅವರಿಗೆ ಅದೇ ನೀರು. ಕುಡಿದ್ವಿ.

ಹಿರಿಯರ ಎದೆ ಮೇಲಿದ್ದ ನಂಬರ್ ಚೀಟಿ ಹಿಂದೆ ತುರ್ತಿಗೆ ಅಂತ ಬರೆದಿದ್ದ ಫೋನ್ ನಂಬರಿಗೆ ಕರೆ ಮಾಡಿದೆ. ಮಗಳು ಎತ್ತಿದ್ರು. ಪುಣ್ಯಕ್ಕೆ ಒಂದು ಆಟೋ ಸಿಕ್ತು, ಆಟೋದವ್ರು ಮಾತಾಡ್ದೇ ಹತ್ತಿಸ್ಕೊಂಡು ಆಸ್ಪತ್ರೆ ಕಡೆ ಹೊರಟ್ರು. ಹತ್ತೋವಾಗ ಹಿರಿಯರು ನನ್ನ ಕೈ ಹಿಡ್ಕೊಂಡು, "ಇನ್ನು ಮೂರೇ ಕಿಲೋಮೀಟರ್ ಇತ್ತಲ್ಲಪ್ಪಾ" ಅಂದ್ರು. ನನಗಿಂತ ಮುಂದೆ ಇದ್ದೋರು ಅವರು. ಗಡುವಿನ ಒಳಗೆ ಆರಾಮಾಗಿ ಮುಗಿಸ್ತಿದ್ರು. ಸಂಜೆ ಮಗಳು ಫೋನ್ ಮಾಡಿ, ಡ್ರಿಪ್ ಹಾಕಿದಾರೆ, ಹುಷಾರಾಗಿದಾರೆ ಅಂದ್ಮೇಲೆ ನನಗೆ ನಿದ್ದೆ ಬಂತು.

ನಾನು ಕುಂಟ್ಕೊಂಡು, ನಡ್ಕೊಂಡು 8.49ಕ್ಕೆ ಮುಗಿಸಿದೆ. ಗಡುವಿಗೆ ಇನ್ನೂ 11 ನಿಮಿಷ ಇತ್ತು. ಮುಗಿಯೋ ಜಾಗದಲ್ಲಿ ನಾನು ನೋಡಿದ್ದೇನು ಗೊತ್ತಾ? ನೀರಿನ ಟೇಬಲ್ ಅರ್ಧ ಕಿತ್ತಿದ್ರು. ಪ್ರಾಯೋಜಕರ ಹೆಸರು ಬರೆದ ಫೋಟೋ ತೆಗೆಸ್ಕೊಳ್ಳೋ ಗೋಡೆ ಮಾತ್ರ ಭದ್ರವಾಗಿ ನಿಂತಿತ್ತು!

ಮನೆಗೆ ಬಂದು ಸಂಘಟಕರಿಗೆ ಸಮಯ, ಕಿಲೋಮೀಟರ್ ಸಮೇತ ಇಮೇಲ್ ಬರೆದೆ. ಎರಡನೇ ದಿನ ಉತ್ತರ ಬಂತು. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಮುಂದಿನ ವರ್ಷ ಬೇಗ ಹೆಸರು ನೋಂದಾಯಿಸಿದರೆ ಶೇಕಡಾ 10 ರಿಯಾಯಿತಿ. ಕೇಳಿದ್ದು ನೀರು, ಕೊಟ್ಟಿದ್ದು ಕೂಪನ್ನು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ನಮ್ಮ ಓಟದ ವಾಟ್ಸಾಪ್ ಗುಂಪು. ವಿಷಯ ಹಾಕಿದ ತಕ್ಷಣ ಉಪದೇಶಗಳ ಮಳೆ. ಒಂದೊಂದಾಗಿ ನೋಡೋಣ ಬನ್ನಿ.

"ಮೂರು ಗಂಟೆ ಮೇಲೆ ತಗೊಳ್ಳೋದು ಓಟಾನೇ ಅಲ್ಲ, ವಾಕಿಂಗು. ಪಾರ್ಕಿಗೆ ಹೋಗ್ಲಿ." ಸ್ವಾಮೀ, ಓಡೋದು-ನಡೆಯೋದು ಬೆರೆಸಿ ದೂರದ ಓಟ ಮುಗಿಸೋ ಪದ್ಧತೀನ ಜನಪ್ರಿಯ ಮಾಡಿದ್ದು ಜೆಫ್ ಗ್ಯಾಲೋವೇ ಅನ್ನೋ ಅಮೆರಿಕದ ಓಟಗಾರ. ಆತ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವನು. ಒಲಿಂಪಿಕ್ಸ್ ಓಡಿದವನಿಗೆ ನಡೆಯೋದು ಅವಮಾನ ಅನ್ನಿಸಲಿಲ್ಲ, ನಮ್ಮ ಬಡಾವಣೆ ಚಾಂಪಿಯನ್‌ಗಳಿಗೆ ಅನ್ಸುತ್ತೆ. ಓಟ ಯಾವುದು, ನಡಿಗೆ ಯಾವುದು ಅಂತ ತೀರ್ಮಾನ ಮಾಡೋದು ಗಡುವು. ಗಡುವು ಕೊಟ್ಟ ಮೇಲೆ ಅದರೊಳಗೆ ಇರೋರೆಲ್ಲ ಓಟಗಾರರೇ.

"ಪೊಲೀಸ್‌ನೋರು ರಸ್ತೆ ಬಿಡಿಸ್ಬೇಕು, ಟ್ರಾಫಿಕ್ ಕಷ್ಟ." ಒಪ್ತೀನಿ. ಭಾನುವಾರವೂ ಕೆಲಸಕ್ಕೆ ಹೋಗೋರಿದಾರೆ, ಆಸ್ಪತ್ರೆಗೆ ಹೋಗೋರಿದಾರೆ, ನಮ್ಮೊಬ್ಬರದೇ ಅಲ್ಲ ರಸ್ತೆ. ಹಾಗಿದ್ರೆ ಗಡುವನ್ನ 3 ಗಂಟೆಗೆ ಇಳಿಸಿ, ದುಡ್ಡು ತಗೊಳ್ಳೋಕೆ ಮುಂಚೆ ಹೇಳಿ. ನಾನು ಆ ಓಟಕ್ಕೆ ಬರಲ್ಲ, ಇನ್ನೊಂದು ವರ್ಷ ಲಾಲ್‌ಬಾಗ್ ಸುತ್ತಿ ತಯಾರಾಗಿ ಬರ್ತೀನಿ. ನಾನು ಗಡುವಿನ ವಿರೋಧಿ ಅಲ್ಲವೇ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಕಾಮ್ರೇಡ್ಸ್ ಅಂತ ಒಂದು ಓಟ ಇದೆ, ಸುಮಾರು 90 ಕಿಲೋಮೀಟರ್, 12 ಗಂಟೆ ಗಡುವು. ಗಡುವು ಮುಗಿಯೋ ಹೊತ್ತಿಗೆ ಒಬ್ಬರು ಬರೋರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸ್ತಾರೆ. ಒಂದು ಸೆಕೆಂಡ್ ತಡವಾದ್ರೂ ಪದಕ ಇಲ್ಲ. ಕ್ರೂರ ಅನ್ಸಬಹುದು, ಆದ್ರೆ ಅದರಲ್ಲಿ ಒಂದು ಮರ್ಯಾದೆ ಇದೆ. ಗಡುವು ಅಂದ್ರೆ ಎರಡೂ ಕಡೆಗೂ ಗಡುವು. ನನಗೆ ಒಂದು ಸೆಕೆಂಡ್ ಜಾಸ್ತಿ ಕೊಡಬೇಡಿ, ಇಪ್ಪತ್ತೆರಡು ನಿಮಿಷ ಕದೀಬೇಡಿ.

"ನೀರು ನೀವೇ ತರಬೇಕಿತ್ತು." ಇದು ಬುದ್ಧಿವಂತರ ಮಾತು. ನೀರು ಕೊಡಲ್ಲ ಅಂತ ಮೊದಲೇ ಹೇಳಿದ್ರೆ ತರ್ತಿದ್ದೆ. ಮದುವೆಗೆ ಕರೆದು, ಊಟ ಖಾಲಿ ಆದ್ಮೇಲೆ "ಡಬ್ಬಿ ತರಬೇಕಿತ್ತು" ಅಂತೀವಾ?

"ಹಿಂದಿನ ಟೇಬಲ್‌ಗಳಲ್ಲೇ ಜಾಸ್ತಿ ಕುಡ್ಕೋಬೇಕಿತ್ತು." ಇದು ಅಪಾಯದ ಮಾತು. ಬರೀ ನೀರನ್ನ ಮಿತಿಮೀರಿ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ತೀರಾ ಇಳಿದ್ರೆ ಜೀವಕ್ಕೇ ಸಂಚಕಾರ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಕಮ್ಮಿಯಾಗಿತ್ತು. ಓಟದಲ್ಲಿ ತೂಕ ಹೆಚ್ಚಾಗೋ ಅಷ್ಟು ಕುಡಿದೋರು, ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಓಡಿದೋರು ಅದಕ್ಕೆ ಹೆಚ್ಚು ತುತ್ತಾಗಿದ್ರು. ಅಂದ್ರೆ ನಿಧಾನದವರು. ಮುಂದೆ ನೀರು ಸಿಗುತ್ತೋ ಇಲ್ವೋ ಅನ್ನೋ ಭಯ ಹುಟ್ಟಿಸಿದ್ರೆ ನಿಧಾನದವನು ಸಿಕ್ಕಿದ ಕಡೆ ಒಂಟೆ ಥರ ಕುಡೀತಾನೆ. ಕುಡೀದೇ ಇದ್ರೂ ಕಷ್ಟ, ಹೆದರಿ ಕುಡಿದ್ರೂ ಕಷ್ಟ. ಇದಕ್ಕಿರೋ ಮದ್ದು ಒಂದೇ, ಇರುತ್ತೆ ಅಂದ ಕಡೆ ಟೇಬಲ್ ಇರಬೇಕು, ಅದರ ಮೇಲೆ ನೀರಿನ ಜೊತೆ ಓಆರ್‌ಎಸ್ಸೂ ಇರಬೇಕು.

ಇನ್ನೊಂದು ವಿಷಯ ಯಾಕೆ ಯಾರಿಗೂ ಹೊಳೆಯಲ್ಲ? ಒಂದೂವರೆ ಗಂಟೇಲಿ ಮುಗಿಸೋ ಹುಡುಗ ಏಳು ಗಂಟೆಗೆ, ತಂಪು ಹೊತ್ತಲ್ಲೇ ಮನೆ ದಾರಿ ಹಿಡಿದಿರ್ತಾನೆ. ಎಂಟರ ಮೇಲಿನ ಬಿಸಿಲು ಬೀಳೋದು ನಮ್ಮ ತಲೆ ಮೇಲೆ. ವಯಸ್ಸಾದೋರು, ಮೈ ಭಾರದೋರು, ಮೊದಲ ಸಲ ಓಡೋರು, ಬಿಪಿ ಶುಗರ್ ಇರೋರು ಜಾಸ್ತಿ ಇರೋದೂ ಹಿಂದೆನೇ. ನೀರು ಯಾರಿಗೆ ಜಾಸ್ತಿ ಬೇಕೋ ಅವರಿಗೇ ಇಲ್ಲ! 17.5ರ ಟೇಬಲ್ ಮೊದಲಿನವರಿಗೆ ಅನುಕೂಲ, ಕೊನೆಯವರಿಗೆ ಅಗತ್ಯ.

"ಇದು ಓಟ ಗುರೂ, ಜಾತ್ರೆ ಅಲ್ಲ" ಅಂತ ಒಬ್ಬ ಮಹಾಶಯ ಬರೆದು, ನಗೋ ಮುಖ ಬೇರೆ ಹಾಕಿದ್ದ. ಜಾತ್ರೆ ಅಂದ್ರೆ ಅಷ್ಟು ಹಗುರಾನಾ? ರಾಮನವಮಿ ದಿನ ಬಸವನಗುಡಿಯ ಬೀದೀಲಿ ಒಂದು ಸುತ್ತು ಹೋಗಿ ನೋಡಿ. ಪಾನಕ, ಮಜ್ಜಿಗೆ ಕೊಡೋರು ನೀನು ಎಷ್ಟು ವೇಗವಾಗಿ ನಡ್ಕೊಂಡು ಬಂದೆ ಅಂತ ಕೇಳಲ್ಲ. ನಮ್ಮೂರ ತೇರಲ್ಲಿ ಅಡುಗೆಯವರು ಕೊನೇ ಪಂಕ್ತಿಗೆ ಅಂತ ಹುಳಿ ಪಾತ್ರೆ ಒಂದನ್ನ ಬೇರೆನೇ ಎತ್ತಿಡ್ತಿದ್ರು. ಕೊನೇ ಪಂಕ್ತೀಲಿ ಕೂರೋರು ಯಾರು? ಬಡಿಸಿ ಸುಸ್ತಾದೋರು, ದೂರದಿಂದ ನಡ್ಕೊಂಡು ಬಂದೋರು, ಮುದುಕರು. ಅವರು ಉಂಡೆದ್ದ ಮೇಲೇನೇ ಒಲೆ ಆರಿಸ್ತಿದ್ದಿದ್ದು. ಈ ಓಟಗಳು ಜಾತ್ರೆ ಮಟ್ಟಕ್ಕೆ ಏರಿದ್ರೆ ಸಾಕಾಗಿದೆ ನನಗೆ.

ಇದು ನಮ್ಮ ದೇಶದ ರೋಗ ಮಾತ್ರ ಅಂತ ಮೂಗು ಮುರೀಬೇಡಿ. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಏಳೂವರೆ ಗಂಟೆ ಗುಂಪಿನ ಜೊತೆ ಬರ್ತಿದ್ದೋರನ್ನ ಹಾದಿ ಸ್ವಚ್ಛ ಮಾಡೋ ಗುತ್ತಿಗೆಯವರು ದಪ್ಪ ಅಂತ ಹೀಯಾಳಿಸಿದ್ದು, ಅವರು ಇನ್ನೂ ಹಾದಿಯಲ್ಲಿರೋವಾಗಲೇ ಸಾಮಾನು ಎತ್ತೋಕೆ ಶುರು ಮಾಡಿದ್ದು ದೊಡ್ಡ ಸುದ್ದಿಯಾಯ್ತು. ಅಲ್ಲೂ ಹಾಗೇ ಆಯ್ತು. ಆದ್ರೆ ಅಲ್ಲಿನ ಸಂಘಟಕರು ಬಹಿರಂಗವಾಗಿ ಕ್ಷಮೆ ಕೇಳಿದ್ರು. ಕೂಪನ್ ಕಳಿಸಲಿಲ್ಲ.

ಇಷ್ಟೆಲ್ಲ ವಾದ ಮಾಡಿದ ಅದೇ ಗುಂಪಿನಲ್ಲಿ ಮೂರನೇ ದಿನ ಬೆಳಿಗ್ಗೆ ಶುಭೋದಯದ ಜೊತೆ ಒಂದು ಫಾರ್ವರ್ಡ್ ಬಂತು. ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಕತೆ. ನಿಮಗೂ ಬಂದಿರುತ್ತೆ. 1968ರ ಮೆಕ್ಸಿಕೋ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಬಿದ್ದು ಮೊಣಕಾಲು ಗಾಯ ಮಾಡ್ಕೊಂಡು, ಬ್ಯಾಂಡೇಜ್ ಸುತ್ಕೊಂಡು, ಗೆದ್ದವನು ಬಂದು ಒಂದು ಗಂಟೆಗೂ ಮೇಲಾದ್ಮೇಲೆ, ಮುಗಿಸಿದವರಲ್ಲಿ ಕೊನೆಯವನಾಗಿ ಕುಂಟ್ಕೊಂಡು ಬಂದವನು. ಹಾಕಿದ್ದು ಯಾರು ಗೊತ್ತಾ? "ಜಾತ್ರೆ ಅಲ್ಲ" ಅಂದ ಅದೇ ಮಹಾಶಯ! ಕೆಳಗೆ ನಲವತ್ತು ಜನ ಕೈ ಮುಗಿದಿದ್ರು. ಮೆಕ್ಸಿಕೋದ ಕೊನೆಯವನಿಗೆ ಕೈ ಮುಗೀತೀವಿ, ನಮ್ಮೂರಿನ ಕೊನೆಯವನಿಗೆ ಒಂದು ಲೋಟ ನೀರು ಕೊಡಲ್ಲ.

ಫೌಜಾ ಸಿಂಗ್ ಅಜ್ಜನ ಕತೆನೂ ಅಷ್ಟೇ. 2011ರಲ್ಲಿ, ನೂರು ವರ್ಷದ ಅಜ್ಜ ಅಂತ ಹೆಸರಾಗಿ, ಟೊರಾಂಟೋದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದ್ರು. ತಗೊಂಡಿದ್ದು 8 ಗಂಟೆ 11 ನಿಮಿಷ.  ಅವರು ಬರೋವರೆಗೂ ಜನ ಕಾದು ನಿಂತಿದ್ರು. ಅವರಿಗೆ ಪಂಜಾಬಿನಲ್ಲಿ, ತಮ್ಮೂರ ಹತ್ರ ರಸ್ತೇಲಿ ಕಾರು ಗುದ್ದಿ 2025ರ ಜುಲೈನಲ್ಲಿ ತೀರ್ಕೊಂಡಾಗ ನಾವೆಲ್ಲ ಅವರ ಫೋಟೋ ಹಾಕಿದ್ವಿ. ಅವರು ನಮ್ಮೂರಲ್ಲಿ ಓಡಿದ್ದಿದ್ರೆ ಅರ್ಧ ದಾರಿಯಲ್ಲಿ ಟೆಂಪೋ ಹಿಂಬದಿ ನೋಡಬೇಕಾಗಿತ್ತೇನೋ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಯಾವ ಟೇಬಲ್ ಎಷ್ಟು ಗಂಟೆಗೆ ಮುಚ್ಚುತ್ತೆ ಅಂತ, ಟೀ ಶರ್ಟ್ ಅಳತೆ ಪಟ್ಟಿ ಪಕ್ಕದಲ್ಲೇ ಬರೀರಿ. ಗಡುವಿನ ವೇಗದಲ್ಲಿ ಒಬ್ಬರನ್ನ ಸೈಕಲ್ ಮೇಲೆ ಎಲ್ಲರಿಗಿಂತ ಹಿಂದೆ ಬಿಡಿ, ಆ ಸೈಕಲ್ ದಾಟೋವರೆಗೂ ಟೇಬಲ್ ಎತ್ತಬೇಡಿ. ಕೊನೇ ಮೂರು ಟೇಬಲ್‌ಗೆ ಎರಡೆರಡು ಕ್ಯಾನು ಹಿಂದಿನವರಿಗೆ ಅಂತ ಎತ್ತಿಡಿ, ನಮ್ಮೂರ ಹುಳಿ ಪಾತ್ರೆ ಥರ. ಲೋಟ ಗುಡಿಸೋಕೆ ಬರೋ ಪೌರಕಾರ್ಮಿಕರಿಗೂ ಆ ಟೇಬಲ್‌ನಲ್ಲೇ ನೀರು, ಬಾಳೆಹಣ್ಣು ಕೊಡಿ. ಅವರ ಬಾಟಲಿ ಖಾಲಿ ಮಾಡಿದವನಾಗಿ ಇದನ್ನ ಕೇಳೋ ಹಕ್ಕು ನನಗಿದೆ.

ನಿಮ್ಮಲ್ಲೂ ಓಡೋರಿದೀರ, ಗೊತ್ತು. ವೇಗದೋರೂ ಇದೀರ. ಮುಂದಿನ ಓಟಕ್ಕೆ ದುಡ್ಡು ಕಟ್ಟೋಕೆ ಮುಂಚೆ ಸಂಘಟಕರಿಗೆ ಒಂದೇ ಸಾಲು ಬರೀರಿ: "17.5ರ ಟೇಬಲ್ ಎಷ್ಟು ಗಂಟೆಗೆ ಮುಚ್ತೀರಾ?" ಕೊನೆಯವರು ಕೇಳಿದ್ರೆ ಕೂಪನ್ ಬರುತ್ತೆ. ಮೊದಲಿನವರು ಕೇಳಿದ್ರೆ ಉತ್ತರ ಬರಬಹುದು.

ನಾನಂತೂ ಮುಂದಿನ ತಿಂಗಳು ನಮ್ಮ ಕಡೆ ನಡೆಯೋ ಓಟದಲ್ಲಿ ಓಡ್ತಿಲ್ಲ. ಆ ಹಿರಿಯರ ಜೊತೆ ಫೋನಲ್ಲಿ ಮಾತಾಡಿದೀನಿ, ಅವರೂ ಬರ್ತಾರಂತೆ. 18ನೇ ಕಿಲೋಮೀಟರ್ ಹತ್ರ ಇಬ್ಬರೂ ಕುರ್ಚಿ ಹಾಕ್ಕೊಂಡು, ಕೊನೆಯವರು ದಾಟೋವರೆಗೂ ಕೂತಿರ್ತೀವಿ. ಇಪ್ಪತ್ತು ಲೀಟರಿನ ಎರಡು ಕ್ಯಾನು ನಂದು, ಓಆರ್‌ಎಸ್ ಅವರದು. ಸ್ಟೀಲ್ ಲೋಟ ಕಮ್ಮಿ ಬೀಳ್ತಿದೆ. ಯಾರಾದ್ರೂ ತರ್ತೀರಾ?